ಆಲ್ಪ್ಸ್‌ನ ಐದು ಸರೋವರಗಳು: ನಿಮ್ಮ ದಿನಕ್ಕೆ ಯಾವುದು ಸರಿ?

ಆಲ್ಪ್ಸ್‌ನ ಸರೋವರಗಳ ಫೋಟೊ ನೋಡುತ್ತಾ ಕೂತರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಹಸಿರು ನೀರು, ಹಿಂದೆ ಬಂಡೆಯ ಗೋಡೆ, ತುದಿಯಲ್ಲಿ ಒಂದಿಷ್ಟು ಹಿಮ, ಮುಂದೆ ಒಂದು ಮರದ ದೋಣಿ. ಹಾಗಾಗಿ ಯಾವ ಫೋಟೊ ಜಾಸ್ತಿ ಹಿಡಿಸಿತೋ ಆ ಕಡೆಗೆ ಟಿಕೆಟ್ ಮಾಡಿಬಿಡುತ್ತೇವೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಫೋಟೊದಲ್ಲಿದ್ದ ಜಾಗ ಸಿಕ್ಕಿತು. ಹತ್ತು ನಿಮಿಷ ನಿಂತು ಕಣ್ಣು ತುಂಬ ನೋಡಿದ್ದೂ ಆಯಿತು. ಆಮೇಲೆ ಇಡೀ ದಿನ ಹಾಗೇ ಬಾಕಿ ಇತ್ತು.

ಆ ಬಾಕಿ ದಿನವನ್ನು ಕಳೆಯುವುದು ಸರೋವರದ ಸುತ್ತಮುತ್ತ. ಅಲ್ಲಿ ನಡೆಯಲು ದಾರಿ ಇದೆಯಾ, ದೋಣಿಯಲ್ಲೇ ಹೋಗಬೇಕಾ, ನೀರಿಗೆ ಇಳಿಯಬಹುದಾ, ಮೇಲೆ ಹತ್ತಲು ಕೇಬಲ್ ಕಾರ್ ಇದೆಯಾ, ವಾಪಸ್ ಬರಲು ಕೊನೆಯ ಬಸ್ ಎಷ್ಟು ಹೊತ್ತಿಗೆ? ಈ ವಿಷಯದಲ್ಲಿ ಒಂದು ಸರೋವರಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ಇದೆ. ಅದಕ್ಕೇ ನನ್ನ ಸಲಹೆ ಇಷ್ಟೇ: ನೀರನ್ನು ನೋಡಿ ಆರಿಸಬೇಡಿ, ನೀರಿನ ಸುತ್ತ ಏನಿದೆ ಅಂತ ನೋಡಿ ಆರಿಸಿ.

ಇಲ್ಲಿ ಐದು ಸರೋವರಗಳನ್ನು ತೆಗೆದುಕೊಂಡಿದ್ದೇನೆ. ಜರ್ಮನಿಯ ಕೋನಿಗ್ಸ್‌ಜೇ, ಸ್ವಿಟ್ಜರ್ಲೆಂಡ್‌ನ ಓಶಿನೆನ್, ಇಟಲಿಯ ಬ್ರಾಯೆಸ್, ಸ್ಲೊವೇನಿಯದ ಬೋಹಿನ್, ಫ್ರಾನ್ಸ್‌ನ ಲಾಕ್ ಬ್ಲಾಂ. ಐದೂ ದೇಶಗಳು ಷೆಂಗೆನ್ ವಲಯದಲ್ಲಿವೆ, ಒಂದೇ ವೀಸಾ ಸಾಕು. ಸ್ವಿಟ್ಜರ್ಲೆಂಡ್‌ನಲ್ಲಿ ಫ್ರಾಂಕ್ ನಡೆಯುತ್ತದೆ, ಉಳಿದ ನಾಲ್ಕರಲ್ಲಿ ಯೂರೊ.

ಮೊದಲು ಎತ್ತರ ನೋಡಿ

ಹೋಲಿಕೆ ಶುರು ಮಾಡಲು ಒಳ್ಳೆಯ ಅಳತೆ ಎತ್ತರ. ಬೋಹಿನ್ ಸಮುದ್ರಮಟ್ಟದಿಂದ ಸುಮಾರು 525 ಮೀಟರ್ ಮೇಲಿದೆ. ಕೋನಿಗ್ಸ್‌ಜೇ 603 ಮೀಟರ್. ಬ್ರಾಯೆಸ್ 1,496. ಓಶಿನೆನ್ 1,578. ಲಾಕ್ ಬ್ಲಾಂ 2,352. ಅಂದರೆ ಮೊದಲ ಎರಡು ಕಣಿವೆಯ ಸರೋವರಗಳು, ಮಧ್ಯದ ಎರಡು ಬೆಟ್ಟದ ನಡುಮಟ್ಟದವು, ಕೊನೆಯದು ಮರಗಳೇ ಬೆಳೆಯದ ಎತ್ತರದ್ದು.

ಇದರಿಂದ ಏನು ಗೊತ್ತಾಗುತ್ತದೆ? ಪ್ರತಿ ಸಾವಿರ ಮೀಟರ್ ಮೇಲೆ ಹೋದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಬೋಹಿನ್‌ನಲ್ಲಿ ಅರ್ಧ ತೋಳಿನ ಅಂಗಿ ಹಾಕಿ ನೀರಿನಲ್ಲಿ ಕಾಲು ಬಿಟ್ಟು ಕೂತಿರುವ ಅದೇ ಜುಲೈ ಮಧ್ಯಾಹ್ನ, ಲಾಕ್ ಬ್ಲಾಂ ಹತ್ತಿರ ಸ್ವೆಟರ್ ಹುಡುಕುವ ಪರಿಸ್ಥಿತಿ ಇರುತ್ತದೆ. ಹಿಮ ಕರಗುವ ಕಾಲವೂ ಹಾಗೇ. ಮೇ ತಿಂಗಳಲ್ಲಿ ಬೋಹಿನ್ ಸುತ್ತ ಹುಲ್ಲುಗಾವಲು ಹೂ ಬಿಟ್ಟಿರುತ್ತದೆ. ಲಾಕ್ ಬ್ಲಾಂ ಮೇಲೆ ಜೂನ್‌ನಲ್ಲೂ ಮಂಜುಗಡ್ಡೆ ಇರಬಹುದು. ಅದರ ಹೆಸರಿನ ಅರ್ಥವೇ ಬಿಳಿ ಸರೋವರ. ಜೂನ್ ಮೊದಲ ವಾರದಲ್ಲಿ ಹೋದವರಿಗೆ ಅದು ನಿಜಕ್ಕೂ ಬಿಳಿಯಾಗಿಯೇ ಕಾಣುತ್ತದೆ.

ಕೋನಿಗ್ಸ್‌ಜೇ: ದೋಣಿಯೇ ದಾರಿ

ಬವೇರಿಯದ ಬೆರ್ಖ್ಟೆಸ್‌ಗಾಡನ್ ರಾಷ್ಟ್ರೀಯ ಉದ್ಯಾನದೊಳಗೆ ಇರುವ ಸರೋವರ ಇದು. ಉದ್ದ ಏಳು ಕಿಲೋಮೀಟರ್‌ಗೂ ಜಾಸ್ತಿ, ಅಗಲ ಮಾತ್ರ ಅತಿ ಹೆಚ್ಚೆಂದರೆ ಒಂದು ಕಿಲೋಮೀಟರ್ ಚಿಲ್ಲರೆ. ಆಳ ಸುಮಾರು 190 ಮೀಟರ್. ಹಿಮಯುಗದಲ್ಲಿ ಹಿಮನದಿ ಕೊರೆದ ಇಕ್ಕಟ್ಟು ಕಣಿವೆಗೆ ನೀರು ತುಂಬಿದೆ. ಎರಡೂ ಕಡೆ ಬಂಡೆ ನೇರವಾಗಿ ನೀರಿಗೆ ಇಳಿಯುತ್ತದೆ. ಹಾಗಾಗಿ ದಡದ ಉದ್ದಕ್ಕೂ ನಡೆಯುವ ದಾರಿ ಇಲ್ಲ. ಒಳಗೆ ಹೋಗಬೇಕು ಅಂದರೆ ದೋಣಿ ಹತ್ತಲೇಬೇಕು.

ಆ ದೋಣಿಗಳೇ ಇಲ್ಲಿಯ ವಿಶೇಷ. 1909ರಿಂದ ಇಲ್ಲಿ ವಿದ್ಯುತ್ ದೋಣಿಗಳು ಓಡುತ್ತಿವೆ. ಪೆಟ್ರೋಲ್ ವಾಸನೆ ಇಲ್ಲ, ಎಂಜಿನ್ ಗದ್ದಲ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ನಡುನೀರಿನಲ್ಲಿ ದೋಣಿ ನಿಲ್ಲುತ್ತದೆ. ಸಿಬ್ಬಂದಿಯೊಬ್ಬರು ಪಕ್ಕದ ಬಾಗಿಲು ತೆರೆದು, ಎದುರಿನ ಬಂಡೆಯ ಗೋಡೆಗೆ ಮುಖ ಮಾಡಿ ತುತ್ತೂರಿ ಊದುತ್ತಾರೆ. ನಾಲ್ಕು ಸ್ವರ ಊದಿ ನಿಲ್ಲಿಸುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅದೇ ನಾಲ್ಕು ಸ್ವರ ಬಂಡೆಯಿಂದ ವಾಪಸ್ ಬರುತ್ತದೆ, ಸ್ವಲ್ಪ ಮೆತ್ತಗೆ, ಬೇರೆ ಯಾರೋ ದೂರದಲ್ಲಿ ಕೂತು ಉತ್ತರ ಕೊಟ್ಟ ಹಾಗೆ. ದೋಣಿಯಲ್ಲಿ ಮಾತಾಡುತ್ತಿದ್ದ ಮಕ್ಕಳೂ ಸುಮ್ಮನಾಗಿಬಿಡುತ್ತಾರೆ. ಕೇಳಿದ ಮೇಲೆ ಕಿವಿಯಿಂದ ಹೋಗುವುದಿಲ್ಲ.

ಸುಮಾರು ಮೂವತ್ತೈದು ನಿಮಿಷಕ್ಕೆ ಸಂತ ಬಾರ್ತೊಲೊಮೆ ಎಂಬ ಜಾಗ ಬರುತ್ತದೆ. ನೀರಿಗೆ ಚಾಚಿದ ಚಪ್ಪಟೆ ನೆಲ, ಅದರ ಮೇಲೆ ಕೆಂಪು ಈರುಳ್ಳಿ ಆಕಾರದ ಗುಮ್ಮಟಗಳಿರುವ ಚಿಕ್ಕ ಚರ್ಚು. ಹಿಂದೆ 2,713 ಮೀಟರ್ ಎತ್ತರದ ವಾಟ್ಸ್‌ಮನ್ ಬೆಟ್ಟದ ಪೂರ್ವ ಗೋಡೆ ಎದ್ದಿದೆ. ಸುಮಾರು 1,800 ಮೀಟರ್ ನೇರ ಬಂಡೆ. ಪೂರ್ವ ಆಲ್ಪ್ಸ್‌ನಲ್ಲಿ ಇದಕ್ಕಿಂತ ಎತ್ತರದ ಬಂಡೆಗೋಡೆ ಇಲ್ಲ.

ಹೆಚ್ಚಿನವರು ಇಲ್ಲೇ ಇಳಿದು, ಮೀನು ತಿಂದು, ವಾಪಸ್ ದೋಣಿ ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಟಿಕೆಟ್ ತೆಗೆದುಕೊಳ್ಳುವಾಗಲೇ ಕೊನೆಯ ನಿಲ್ದಾಣವಾದ ಸಾಲೆಟ್‌ವರೆಗೆ ಕೇಳಿ. ಬೇಸಿಗೆ ಕಾಲದಲ್ಲಿ ಮಾತ್ರ ದೋಣಿ ಅಲ್ಲಿಗೆ ಹೋಗುತ್ತದೆ. ಸಾಲೆಟ್‌ನಿಂದ ಹದಿನೈದು ನಿಮಿಷ ನಡೆದರೆ ಓಬರ್‌ಜೇ ಎಂಬ ಇನ್ನೊಂದು ಚಿಕ್ಕ ಸರೋವರ. ಅದರ ಬಲದಡದ ಬಂಡೆಯ ಮೆಟ್ಟಿಲುಗಳ ಮೇಲೆ ಎಚ್ಚರದಿಂದ ಹೆಜ್ಜೆ ಇಟ್ಟು ಆಚೆ ತುದಿಗೆ ಹೋದರೆ ದನ ಮೇಯಿಸುವವರ ಬೇಸಿಗೆ ಗುಡಿಸಲು ಸಿಗುತ್ತದೆ. ಅಲ್ಲಿ ಮಜ್ಜಿಗೆ ಕೊಡುತ್ತಾರೆ. ಎದುರಿಗೆ ರೋತ್‌ಬಾಖ್ ಜಲಪಾತ ಸುಮಾರು 470 ಮೀಟರ್ ಎತ್ತರದಿಂದ ಇಳಿಯುತ್ತಿರುತ್ತದೆ, ಜರ್ಮನಿಯಲ್ಲೇ ಅತಿ ಎತ್ತರದ್ದು.

ಶರತ್ಕಾಲದ ಶುರುವಿನಲ್ಲಿ ಹೋದವರಿಗೆ ಇನ್ನೊಂದು ಅದೃಷ್ಟ ಇರಬಹುದು. ಬೇಸಿಗೆ ಪೂರ್ತಿ ಮೇಲೆ ಮೇಯ್ದ ಹಸುಗಳನ್ನು ಆಗ ಊರಿಗೆ ಇಳಿಸುತ್ತಾರೆ. ದಾರಿ ಇಲ್ಲವಲ್ಲ, ಹಾಗಾಗಿ ಅವನ್ನೂ ಚಪ್ಪಟೆ ದೋಣಿಗಳಲ್ಲೇ ನೀರು ದಾಟಿಸುತ್ತಾರೆ. ದಡ ಮುಟ್ಟಿದ ಮೇಲೆ ತಲೆಗೆ ಅಲಂಕಾರ ಕಟ್ಟಿ ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯುತ್ತಾರೆ.

ಈ ಸರೋವರದ ಒಂದೇ ದೊಡ್ಡ ಎಚ್ಚರಿಕೆ ಕೊನೆಯ ದೋಣಿ. ಸಾಲೆಟ್‌ನಲ್ಲಿ ಇಳಿದ ತಕ್ಷಣ ದಕ್ಕೆಯ ಮೇಲಿನ ಬೋರ್ಡ್‌ನ ಫೋಟೊ ತೆಗೆದುಕೊಳ್ಳಿ. ಆ ದೋಣಿ ತಪ್ಪಿದರೆ ಸುಲಭದ ದಾರಿ ಯಾವುದೂ ಇಲ್ಲ. ಬೆಟ್ಟ ಹತ್ತಿ ಇಳಿಯಬೇಕು, ಕತ್ತಲಾದ ಮೇಲೆ ಅದು ಆಗುವ ಮಾತಲ್ಲ. ಸಂಜೆ ಎಲ್ಲರೂ ಒಟ್ಟಿಗೆ ವಾಪಸ್ ಹೊರಡುವುದರಿಂದ ಸರತಿಯೂ ಉದ್ದ ಇರುತ್ತದೆ. ಕೊನೆಯದಕ್ಕಿಂತ ಎರಡು ದೋಣಿ ಮುಂಚೆ ಹೊರಡುವ ಲೆಕ್ಕ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಪಕ್ಕದ ಕೋನಿಗ್ಸ್‌ಬಾಖ್ ಜಲಪಾತದ ಮೇಲೆ ಕಲ್ಲಿನ ಕೊಳಗಳಿವೆ. ಅಲ್ಲಿ ಈಜುತ್ತಾ ಕೆಳಗಿನ ಸರೋವರ ಕಾಣುವ ಫೋಟೊಗಳು ಇಂಟರ್‌ನೆಟ್‌ನಲ್ಲಿ ತುಂಬಾ ಓಡಾಡಿದವು. ಆ ಫೋಟೊಗೆ ಬಂದವರ ಕಾಲ್ತುಳಿತಕ್ಕೆ ಸುತ್ತಲಿನ ಗಿಡಗಳೆಲ್ಲ ನಾಶವಾಗಿ, 2021ರಲ್ಲಿ ಆ ಜಾಗಕ್ಕೆ ಪ್ರವೇಶ ನಿಷೇಧಿಸಿದರು. ಹಳೆಯ ವೀಡಿಯೊ ನೋಡಿ ಅಲ್ಲಿಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಬಿಡಿ.

ಓಶಿನೆನ್: ನಡೆಯುವವರಿಗೆ

ಬರ್ನ್ ಪ್ರಾಂತ್ಯದ ಕಾಂಡರ್‌ಸ್ಟೆಗ್ ಎಂಬ ಹಳ್ಳಿಯ ಮೇಲಿದೆ ಇದು. ಬರ್ನ್‌ನಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಹಳ್ಳಿಯಿಂದ ಗೊಂಡೋಲ (ಹಗ್ಗದ ಮೇಲೆ ಓಡುವ ಸಣ್ಣ ಕೇಬಲ್ ಕಾರ್) ಹತ್ತಿ, ಮೇಲಿಳಿದು ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆದರೆ ನೀರು. ಗೊಂಡೋಲ ಬೇಡ ಅಂದರೆ ಹಳ್ಳಿಯಿಂದಲೇ ಸುಮಾರು ಒಂದೂವರೆ ಗಂಟೆಯ ಏರು ದಾರಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಗೊಂಡೋಲಕ್ಕೆ ರಿಯಾಯಿತಿ ಸಿಗುತ್ತದೆ, ಕೌಂಟರ್‌ನಲ್ಲಿ ತೋರಿಸಿ.

ಈ ಸರೋವರವನ್ನು ಕಟ್ಟಿದ್ದು ಭೂಕುಸಿತ. ಮೇಲಿನ ಬೆಟ್ಟದ ಭಾಗ ಕುಸಿದು ಕಣಿವೆಗೆ ಅಡ್ಡ ಬಿತ್ತು, ಹಿಂದೆ ನೀರು ನಿಂತಿತು. ಹಾಗಾಗಿ ಇದಕ್ಕೆ ಮೇಲೆ ಕಾಣುವ ಹೊರಹರಿವೇ ಇಲ್ಲ. ನೀರು ಆ ಕಲ್ಲುರಾಶಿಯ ಅಡಿಯಿಂದಲೇ ಸೋರಿ ಹೋಗುತ್ತದೆ. ಚಳಿಗಾಲದಲ್ಲಿ ನೀರು ಹಲವು ಮೀಟರ್ ಇಳಿದು, ಬೇಸಿಗೆಯಲ್ಲಿ ಹಿಮ ಕರಗಿದಂತೆ ಮತ್ತೆ ಏರುತ್ತದೆ. ಮೇ ತಿಂಗಳಲ್ಲಿ ನೋಡಿದವರು ಕಲ್ಲುದಡ ನೋಡುತ್ತಾರೆ, ಆಗಸ್ಟ್‌ನಲ್ಲಿ ನೋಡಿದವರು ತುಂಬಿದ ಬಟ್ಟಲು ನೋಡುತ್ತಾರೆ.

ಬಣ್ಣದ ಗುಟ್ಟೂ ಇಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ 3,661 ಮೀಟರ್ ಎತ್ತರದ ಬ್ಲೂಮ್ಲಿಸಾಲ್ಪ್ ಬೆಟ್ಟಸಾಲಿನ ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತವೆ. ಆ ಕಲ್ಲಿನ ಹಿಟ್ಟು ಕರಗಿದ ನೀರಿನ ಜೊತೆ ಬಂದು ಸರೋವರದಲ್ಲಿ ತೇಲುತ್ತಿರುತ್ತದೆ. ಬೆಳಕು ಅದಕ್ಕೆ ತಾಗಿ ಚದುರಿದಾಗ ನಮಗೆ ಕಾಣುವುದು ಆ ಹಾಲು ಬೆರೆಸಿದ ಹಾಗಿರುವ ನೀಲಿ-ಹಸಿರು. ಹಿಮ ಜೋರಾಗಿ ಕರಗುವ ಜುಲೈ, ಆಗಸ್ಟ್‌ನಲ್ಲಿ ಬಣ್ಣ ಗಾಢ.

ಆದರೆ ಓಶಿನೆನ್ ಅನ್ನು ಆರಿಸಬೇಕಾದ್ದು ಬಣ್ಣಕ್ಕಲ್ಲ, ಮೇಲಿನ ಕಾಲುದಾರಿಗೆ. ಗೊಂಡೋಲ ಇಳಿದವರು ಸಾಮಾನ್ಯವಾಗಿ ನೇರ ನೀರಿನ ಕಡೆಗೇ ನಡೆಯುತ್ತಾರೆ. ನೀವು ಎಡಕ್ಕೆ ಹೊಯ್‌ಬರ್ಗ್ ಕಡೆಗೆ ತಿರುಗಿ. ಸುಮಾರು 1,950 ಮೀಟರ್‌ವರೆಗೆ ಹತ್ತಿ, ಬೆಟ್ಟದ ಪಕ್ಕೆಯಲ್ಲಿ ಓಬರ್‌ಬೆರ್ಗ್ಲಿ ತನಕ ಹೋಗಿ, ಅಲ್ಲಿಂದ ನೀರಿನ ಹತ್ತಿರ ಇಳಿಯುವ ಸುತ್ತು ಇದೆ. ಮೂರರಿಂದ ಮೂರೂವರೆ ಗಂಟೆ ಸಾಕು. ಮೊದಲರ್ಧ ಗಂಟೆ ಉಸಿರು ಕಟ್ಟುತ್ತದೆ. ಆಮೇಲೆ ಒಂದು ತಿರುವಿನಲ್ಲಿ ಇಡೀ ಸರೋವರ ಕಾಲಡಿ ತೆರೆದುಕೊಳ್ಳುತ್ತದೆ. ಕೆಳಗೆ ಹುಟ್ಟು ಹಾಕುತ್ತಿರುವ ಬಾಡಿಗೆ ದೋಣಿಗಳು ಅಕ್ಕಿಕಾಳಿನಷ್ಟು ಕಾಣುತ್ತವೆ, ಹಿಂದೆ ಸಣ್ಣ ಗೆರೆ ಎಳೆಯುತ್ತಾ ಹೋಗುತ್ತಿರುತ್ತವೆ. ನಾನು ಅಲ್ಲಿ ಒಂದು ಕಲ್ಲಿನ ಮೇಲೆ ಕೂತು ಮುಕ್ಕಾಲು ಗಂಟೆ ಎದ್ದಿರಲಿಲ್ಲ.

ದಾರಿಯ ಗುರುತು ಓದಲು ಕಲಿಯಿರಿ. ಸ್ವಿಟ್ಜರ್ಲೆಂಡ್‌ನಲ್ಲಿ ಬರೀ ಹಳದಿ ಗುರುತು ಅಂದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟೆ ಅಂದರೆ ಬೆಟ್ಟದ ದಾರಿ: ಒಳ್ಳೆಯ ಹಿಡಿತದ ಶೂ ಬೇಕು, ಕೆಳಗೆ ಆಳ ನೋಡಿದರೆ ತಲೆ ತಿರುಗಬಾರದು. ಬಿಳಿ-ನೀಲಿ-ಬಿಳಿ ಕಂಡರೆ ಅನುಭವ ಇಲ್ಲದವರು ಅಲ್ಲಿಂದಲೇ ವಾಪಸ್ ಬರಬೇಕು. ಹೊಯ್‌ಬರ್ಗ್ ಸುತ್ತು ಎರಡನೆಯ ಗುಂಪಿನದು.

ದಕ್ಷಿಣ ದಡದ ಮೇಲಿರುವ ಸ್ಪಿಟ್ಸೆ ಸ್ಟೈ ಎಂಬ ಶಿಖರದ ಬಂಡೆ ಸಡಿಲವಾಗಿದೆ. 2018ರಿಂದ ಅದರ ಮೇಲೆ ಉಪಕರಣಗಳಿಂದ ಕಣ್ಣಿಟ್ಟಿದ್ದಾರೆ, ಆ ಕಡೆಯ ಕೆಲವು ದಾರಿಗಳನ್ನು ಮುಚ್ಚಿದ್ದಾರೆ. ಮುಚ್ಚಿದ ಬೋರ್ಡ್ ಕಂಡರೆ ಪಟ್ಟಿ ದಾಟಬೇಡಿ. ಹೊರಡುವ ಮುನ್ನ ಕಾಂಡರ್‌ಸ್ಟೆಗ್‌ನ ಪ್ರವಾಸಿ ಕಚೇರಿಯಲ್ಲಿ ಇವತ್ತು ಯಾವ ದಾರಿ ತೆರೆದಿದೆ ಅಂತ ಕೇಳಿಕೊಳ್ಳಿ.

ಬ್ರಾಯೆಸ್: ಬೆಳಗಿನ ಜಾವ ಅಥವಾ ಬೇಡ

ಐದರಲ್ಲಿ ಅತಿ ಹೆಚ್ಚು ಫೋಟೊ ಬಂದಿರುವುದು ಬಹುಶಃ ಇದರದ್ದೇ. ಮರದ ದೋಣಿಮನೆ, ಸಾಲಾಗಿ ಕಟ್ಟಿದ ದೋಣಿಗಳು, ಹಿಂದೆ 2,810 ಮೀಟರ್‌ನ ಕ್ರೋಡಾ ಡೆಲ್ ಬೆಕ್ಕೊ ಬೆಟ್ಟ. ಅದೇ ಬೆಟ್ಟಕ್ಕೆ ಜರ್ಮನ್‌ನಲ್ಲಿ ಜೇಕೋಫೆಲ್ ಅಂತ ಹೆಸರು, ಸರೋವರಕ್ಕೆ ಪ್ರಾಗ್ಸರ್ ವಿಲ್ಡ್‌ಜೇ. ಈ ಸರೋವರ ಇರುವ ದಕ್ಷಿಣ ಟಿರೋಲ್ ಪ್ರಾಂತ್ಯದಲ್ಲಿ ಬೋರ್ಡ್‌ಗಳೆಲ್ಲ ಎರಡು ಭಾಷೆಯಲ್ಲಿರುತ್ತವೆ, ಬಸ್ ಹತ್ತುವಾಗ ಎರಡೂ ಹೆಸರು ಗೊತ್ತಿರಲಿ. ಸುತ್ತಲಿನ ಡೋಲೊಮೈಟ್ ಬೆಟ್ಟಗಳು 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಲ್ಲಿಯ ಲದಿನ್ ಜನರ ಹಳೆಯ ಕಥೆಯಲ್ಲಿ ಸರೋವರದ ದಕ್ಷಿಣ ತುದಿಯಲ್ಲಿ ಪಾತಾಳದ ಬಾಗಿಲು ಇದೆ. ಸಂಜೆ ನೆರಳು ಬಿದ್ದಾಗ ಆ ಬಂಡೆಯನ್ನು ನೋಡಿದರೆ ಕಥೆ ಹುಟ್ಟಿದ್ದು ಸಹಜ ಅನಿಸುತ್ತದೆ.

ತೊಂದರೆ ಜನಸಂದಣಿ. ಇದು ಚಿಕ್ಕ ಸರೋವರ, ಸುತ್ತು ಬರೀ ಮೂರೂವರೆ ಕಿಲೋಮೀಟರ್ ಚಿಲ್ಲರೆ. ಜುಲೈ ಎರಡನೇ ವಾರದಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ, ಬೆಳಿಗ್ಗೆ 9:30ರಿಂದ ಸಂಜೆ 4ರವರೆಗೆ, ಮುಂಗಡ ಬುಕಿಂಗ್ ಇಲ್ಲದ ಕಾರುಗಳನ್ನು ಕಣಿವೆಯೊಳಗೆ ಬಿಡುವುದಿಲ್ಲ. ದಿನಾಂಕ ವರ್ಷಕ್ಕೆ ಸ್ವಲ್ಪ ಆಚೀಚೆ ಆಗಬಹುದು, ಹೊರಡುವ ಮುನ್ನ ನೋಡಿಕೊಳ್ಳಿ. ಡೊಬಿಯಾಕೊ ಅಥವಾ ವಿಲ್ಲಬಾಸ್ಸ ತನಕ ರೈಲಿನಲ್ಲಿ ಬಂದು ಅಲ್ಲಿಂದ ಬಸ್ ಹಿಡಿಯುವುದು ಒಳ್ಳೆಯದು. ಆ ಬಸ್‌ಗೂ ಬೇಸಿಗೆಯಲ್ಲಿ ಮೊದಲೇ ಸೀಟು ಕಾಯ್ದಿರಿಸಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಿಂದಿನ ರಾತ್ರಿ ಹತ್ತಿರದಲ್ಲೇ ಉಳಿದು, ಬೆಳಿಗ್ಗೆ ಏಳರ ಒಳಗೆ ದಡದಲ್ಲಿ ಇರಲು ಆಗುತ್ತದಾ? ಹಾಗಾದರೆ ಖಂಡಿತ ಬನ್ನಿ. ಆಗ ಗಾಳಿ ಇರುವುದಿಲ್ಲ, ನೀರು ಅಲುಗದೆ ನಿಂತಿರುತ್ತದೆ, ಬೆಟ್ಟ ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಎರಡಕ್ಕೆ ಹೊರಡುವ ಯೋಜನೆ ಇದ್ದರೆ ಬೇರೆ ಸರೋವರ ನೋಡಿ.

ಸುತ್ತು ಹಾಕುವಾಗ ಪಶ್ಚಿಮ ದಡ ಅಗಲವಾಗಿ ಸಮತಟ್ಟಾಗಿದೆ, ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಪೂರ್ವ ದಡದಲ್ಲಿ ಮೆಟ್ಟಿಲು ಹತ್ತಿ ಇಳಿಯಬೇಕು, ಆದರೆ ನೋಟ ಅಲ್ಲೇ ಚೆಂದ. ಡೋಲೊಮೈಟ್‌ನ ಹೆಸರಾಂತ ದೂರದ ಚಾರಣದ ದಾರಿ ಆಲ್ಟಾ ವಿಯಾ 1 ಶುರುವಾಗುವುದೂ ಇಲ್ಲಿಂದಲೇ, ಬೆಲ್ಲುನೊ ಕಡೆಗೆ ಸುಮಾರು 120 ಕಿಲೋಮೀಟರ್. ಬೆನ್ನಿಗೆ ದೊಡ್ಡ ಚೀಲ ಹೊತ್ತು ದಕ್ಷಿಣ ತುದಿಯ ಕಲ್ಲುದಾರಿಯಲ್ಲಿ ಮೇಲೇರುವವರನ್ನು ಬೆಳಿಗ್ಗೆ ನೋಡಬಹುದು.

ಜನ ಹೆಚ್ಚಾದ ಮೇಲೆ ಏನು ಮಾಡುವುದು? ಅದೇ ಕಣಿವೆಯ ಇನ್ನೊಂದು ಕವಲಿನಲ್ಲಿ ಪ್ಲೆಟ್ಸ್‌ವೀಸೆ ಎಂಬ ಹುಲ್ಲುಗಾವಲು ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 2,307 ಮೀಟರ್‌ನ ಸ್ಟ್ರುಡೆಲ್‌ಕೋಫ್‌ಗೆ ನಿಧಾನವಾಗಿ ಹತ್ತಬಹುದು. ಎದುರಿಗೆ ಟ್ರೆ ಚಿಮೆಯ ಮೂರು ಕಲ್ಲುಗೋಪುರ ಕಾಣುತ್ತವೆ. ಸರೋವರಕ್ಕೆ ಮುಂಜಾನೆ, ಹುಲ್ಲುಗಾವಲಿಗೆ ಮಧ್ಯಾಹ್ನ. ಹೀಗೆ ಮಾಡಿದರೆ ಬ್ರಾಯೆಸ್ ಪೂರ್ತಿ ಒಂದು ದಿನ ಕೊಡುತ್ತದೆ.

ಬೋಹಿನ್: ಇಳಿಯಿರಿ, ಈಜಿ, ಉಳಿಯಿರಿ

ಸ್ಲೊವೇನಿಯಕ್ಕೆ ಹೋಗುವವರೆಲ್ಲ ಬ್ಲೆಡ್ ಸರೋವರಕ್ಕೆ ಹೋಗುತ್ತಾರೆ. ನಡುವೆ ದ್ವೀಪ, ದ್ವೀಪದಲ್ಲಿ ಚರ್ಚು, ದಡದಲ್ಲಿ ಕೋಟೆ. ಚೆನ್ನಾಗಿದೆ, ನಿಜ. ಚರ್ಚಿಗೆ ಹೋಗುವ 99 ಮೆಟ್ಟಿಲು ಹತ್ತಿ, ಆರು ಕಿಲೋಮೀಟರ್ ಸುತ್ತು ನಡೆದು, ಅಲ್ಲಿಯ ಕೆನೆ ತುಂಬಿದ ಕ್ರೆಮ್‌ಶ್ನಿಟ ತಿಂದರೆ ಅರ್ಧ ದಿನಕ್ಕೆ ಮುಗಿಯುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಸುಮಾರು ನಲವತ್ತು ನಿಮಿಷ ಮುಂದೆ ಹೋದರೆ ಬೋಹಿನ್.

ಬ್ಲೆಡ್ ನೋಡುವ ಸರೋವರ, ಬೋಹಿನ್ ಇರುವ ಸರೋವರ. ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗೆ ನಾಲ್ಕು ಕಿಲೋಮೀಟರ್ ಉದ್ದ ಚಾಚಿಕೊಂಡಿದೆ. ದೇಶದ ಅತಿ ದೊಡ್ಡ ಶಾಶ್ವತ ಸರೋವರ. ದಡದಲ್ಲಿ ಹೋಟೆಲ್‌ಗಳ ಸಾಲು ಇಲ್ಲ, ಕಾಡು ನೇರ ನೀರಿಗೆ ಇಳಿದಿದೆ. ಸುತ್ತಲೂ ನಡೆಯುವ ದಾರಿ ಸುಮಾರು 12 ಕಿಲೋಮೀಟರ್, ನಾಲ್ಕು ಗಂಟೆ ಇಟ್ಟುಕೊಳ್ಳಿ. ಉತ್ತರ ದಡ ಪೂರ್ತಿ ಮರದ ನೆರಳಿನ ಕಾಲುದಾರಿ. ಅರ್ಧ ನಡೆದು ಸುಸ್ತಾದರೆ ಬೇಸಿಗೆಯಲ್ಲಿ ಆಚೆ ತುದಿಯ ಉಕಾಂಟ್ಸ್‌ನಿಂದ ವಿದ್ಯುತ್ ದೋಣಿ ಹಿಡಿದು ವಾಪಸ್ ಬರಬಹುದು.

ರಿಬ್ಚೆವ್ ಲಾಜ್ ಎಂಬಲ್ಲಿ ಸರೋವರದಿಂದ ಹೊಳೆ ಹೊರಡುತ್ತದೆ. ಅದರ ಮೇಲೆ ಹಳೆಯ ಕಲ್ಲಿನ ಸೇತುವೆ, ಪಕ್ಕದಲ್ಲಿ ಸಂತ ಜಾನ್ ಚರ್ಚು. ಸೇತುವೆಯ ಕಟ್ಟೆಗೆ ಮೊಣಕೈ ಊರಿ ಕೆಳಗೆ ನೋಡಿ. ಮೊದಲು ಬರೀ ಉರುಟು ಕಲ್ಲುಗಳು ಕಾಣುತ್ತವೆ. ಕಣ್ಣು ಹೊಂದಿಕೊಂಡ ಮೇಲೆ ಆ ಕಲ್ಲುಗಳ ಮೇಲೆ ನೆರಳುಗಳು ಕಾಣಿಸುತ್ತವೆ. ಆಮೇಲೆ ನೆರಳಿಗೆ ಒಂದು ಗೇಣು ಮೇಲೆ, ಹರಿವಿಗೆ ಎದುರಾಗಿ, ಅಲ್ಲಾಡದೆ ನಿಂತ ಮೀನುಗಳು. ನೀರು ಅಷ್ಟು ತಿಳಿ. ಚರ್ಚಿನ ಒಳಗೋಡೆಯ ಹಳೆಯ ಚಿತ್ರಗಳನ್ನೂ ನೋಡಿ.

ಈಜುವ ಆಸೆ ಇದ್ದವರಿಗೆ ಐದರಲ್ಲಿ ನಾನು ಹೇಳುವುದು ಇದೊಂದನ್ನೇ. ಜುಲೈ ಕೊನೆ, ಆಗಸ್ಟ್‌ನಲ್ಲಿ ಮೇಲ್ನೀರು ಇಪ್ಪತ್ತು ಡಿಗ್ರಿ ದಾಟುತ್ತದೆ. ದಡ ನಿಧಾನವಾಗಿ ಆಳವಾಗುವ ಕಡೆ ಮಕ್ಕಳೂ ಇಳಿಯುತ್ತಾರೆ.

ಮಿಕ್ಕ ದಿನಗಳಿಗೂ ಇಲ್ಲಿ ಕೆಲಸ ಇದೆ. ಉಕಾಂಟ್ಸ್ ಹತ್ತಿರದಿಂದ ಕೇಬಲ್ ಕಾರ್ ವೊಗೆಲ್ ಬೆಟ್ಟದ 1,535 ಮೀಟರ್‌ಗೆ ಏರಿಸುತ್ತದೆ. ಅಲ್ಲಿಂದ ಇಡೀ ಸರೋವರವೂ, ಆಚೆಗೆ 2,864 ಮೀಟರ್‌ನ ತ್ರಿಗ್ಲಾವ್ ಶಿಖರವೂ ಕಾಣುತ್ತವೆ. ಸವಿತ್ಸಾ ಜಲಪಾತಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಇಪ್ಪತ್ತು ನಿಮಿಷ. 78 ಮೀಟರ್ ಎತ್ತರದ ಆ ನೀರೇ ಕೆಳಗಿನ ಸರೋವರಕ್ಕೆ ಹರಿದು ಬರುತ್ತದೆ. ಸ್ತಾರಾ ಫುಜಿನ ಹಳ್ಳಿಯಿಂದ ಮೋಸ್ಟ್ನಿತ್ಸಾ ಕಮರಿಯೊಳಗೆ ನಡೆಯುವುದು ನನಗೆ ಇವೆಲ್ಲಕ್ಕಿಂತ ಇಷ್ಟ. ಹೊಳೆ ಬಂಡೆಯನ್ನು ಕೊರೆದು ಇಕ್ಕಟ್ಟಾಗಿ ಹರಿಯುತ್ತದೆ, ಬಿಸಿಲಿನ ದಿನವೂ ಒಳಗೆ ತಂಪು. ಸ್ಲೊವೇನಿಯದಲ್ಲಿ ಬೆಟ್ಟದ ದಾರಿಗೆ ಕೆಂಪು ಉಂಗುರದೊಳಗೆ ಬಿಳಿ ಚುಕ್ಕೆಯ ಗುರುತು. ಮರಗಳ ಮೇಲೆ, ಕಲ್ಲುಗಳ ಮೇಲೆ ಅದನ್ನೇ ಹುಡುಕುತ್ತಾ ಹೋಗಿ.

ಹೆಸರು ಬ್ಲೆಡ್‌ನಷ್ಟು ದೊಡ್ಡದಲ್ಲ ಅಂತ ಬೋಹಿನ್ ಅನ್ನು ಅರ್ಧ ದಿನಕ್ಕೆ ಸೇರಿಸಬೇಡಿ. ಎರಡು ರಾತ್ರಿ ಕೊಡಿ. ಬೇಸಿಗೆಯ ಶನಿವಾರ, ಭಾನುವಾರ ಪಾರ್ಕಿಂಗ್ ಬೇಗ ತುಂಬುತ್ತದೆ. ಬೋಹಿನ್‌ಸ್ಕ ಬಿಸ್ತ್ರಿತ್ಸ ತನಕ ರೈಲು ಇದೆ, ಅಲ್ಲಿಂದ ಬಸ್.

ಲಾಕ್ ಬ್ಲಾಂ: ಚಿಕ್ಕ ನೀರು, ದೊಡ್ಡ ನೋಟ

ಇದರ ಬಗ್ಗೆ ಹೇಳಲು ಕಡಿಮೆ ಇದೆ, ಹೋಗಲು ಕಷ್ಟ ಜಾಸ್ತಿ ಇದೆ. ಶಾಮೊನಿ ಕಣಿವೆಯ ಲೆ ಪ್ರಾ ಹಳ್ಳಿಯಿಂದ ಕೇಬಲ್ ಕಾರ್‌ನಲ್ಲಿ ಫ್ಲೆಜೇರ್‌ಗೆ ಏರಿ, ಅಲ್ಲಿಂದ ಒಂದೂವರೆ ಎರಡು ಗಂಟೆ ಕಲ್ಲುದಾರಿ ಹತ್ತಬೇಕು. ಏರು ಸುಮಾರು 475 ಮೀಟರ್. ಇನ್ನೂ ಮೇಲಿನ ಲಾಂದೆಕ್ಸ್ ತನಕ ಚೇರ್‌ಲಿಫ್ಟ್ ಹಿಡಿದರೆ ಆ ಏರು ಹತ್ತುವುದು ತಪ್ಪುತ್ತದೆ, ಬೆಟ್ಟದ ಪಕ್ಕೆಯಲ್ಲಿ ಅಡ್ಡ ನಡೆದರೆ ಸಾಕು. ಹಿಮ ಉಳಿದಿರುವಾಗ ಆ ಅಡ್ಡದಾರಿ ಜಾರುತ್ತದೆ.

ಸರೋವರ ನಿಜಕ್ಕೂ ಚಿಕ್ಕದು. ಆದರೆ ಕಣಿವೆಯ ಆಚೆ ಮೋಂ ಬ್ಲಾಂ ಸಾಲು ಪೂರ್ತಿ ನಿಂತಿರುತ್ತದೆ. ಆ ಸಾಲು ಇಲ್ಲಿಂದ ಪೂರ್ವ, ಆಗ್ನೇಯಕ್ಕೆ ಇರುವುದರಿಂದ ಬೆಳಿಗ್ಗೆ ಸೂರ್ಯ ಅದರ ಹಿಂದಿರುತ್ತಾನೆ, ಹಿಮ ಮಂಕಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಬೆಳಕು ಎದುರಿನಿಂದ ಬೀಳುತ್ತದೆ. ಒಳ್ಳೆಯ ಬೆಳಕಿಗೆ ಕಾದರೆ ಕೊನೆಯ ಕೇಬಲ್ ಕಾರ್ ತಪ್ಪುತ್ತದೆ, ಅದೇ ಇಲ್ಲಿಯ ಪೇಚಾಟ. ಪಕ್ಕದಲ್ಲಿರುವ ಬೆಟ್ಟದ ತಂಗುಮನೆಯಲ್ಲಿ ಮೊದಲೇ ಜಾಗ ಕಾಯ್ದಿರಿಸಿ ರಾತ್ರಿ ಉಳಿದವರಿಗೆ ಮಾತ್ರ ಎರಡೂ ಸಿಗುತ್ತವೆ. ದಿನಕ್ಕೆ ಐದಾರು ಗಂಟೆ ಏರಿಳಿದು ಅಭ್ಯಾಸ ಇಲ್ಲದವರಿಗೆ ಮೊದಲ ಪ್ರವಾಸದಲ್ಲಿ ಇದು ಬೇಡ.

ಮಳೆ, ಗುಡುಗು, ತಣ್ಣೀರು

ಆಲ್ಪ್ಸ್‌ನ ಬೇಸಿಗೆಯಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬೆಳಿಗ್ಗೆ ನೆಲ ಕಾದು, ಬಿಸಿ ಗಾಳಿ ಮೇಲೇರಿ, ಮೋಡ ಕಟ್ಟಲು ಅಷ್ಟು ಹೊತ್ತು ಬೇಕು. ಹಾಗಾಗಿ ಎತ್ತರದ ದಾರಿಗಳನ್ನು ಬೆಳಿಗ್ಗೆಯೇ ಮುಗಿಸಿ. ಹೊಯ್‌ಬರ್ಗ್, ಲಾಕ್ ಬ್ಲಾಂ, ವೊಗೆಲ್ ಮೂರಕ್ಕೂ ಇದೇ ಮಾತು. ದಿನ ಪೂರ್ತಿ ಮೋಡ, ಜಿಟಿಜಿಟಿ ಮಳೆ ಇದ್ದರೆ? ಆಗ ಕೋನಿಗ್ಸ್‌ಜೇ ಗೆಲ್ಲುತ್ತದೆ. ದೋಣಿಗೆ ಮೇಲ್ಛಾವಣಿ ಇದೆ, ಬಂಡೆಗೋಡೆಯ ಮಧ್ಯೆ ಮೋಡ ಸಿಕ್ಕಿಕೊಂಡ ನೋಟಕ್ಕೆ ಬೇರೆಯದೇ ಚೆಂದ ಇದೆ. ಓಶಿನೆನ್‌ಗೆ ಮೋಡದ ದಿನ ಹೋದರೆ ಬೆಟ್ಟವೂ ಇಲ್ಲ, ಬಣ್ಣವೂ ಇಲ್ಲ.

ನೀರಿನ ಬಗ್ಗೆ ಒಂದು ಗಂಭೀರ ಮಾತು. ಹಿಮದ ನೀರಿಗೆ ಸುಮ್ನೆ ಜಿಗಿಯಬೇಡಿ. ದೇಹಕ್ಕೆ ಏಕ್‌ದಂ ತಣ್ಣೀರು ತಾಗಿದರೆ ನಮಗೆ ಗೊತ್ತಿಲ್ಲದೆ ಉಸಿರು ಜೋರಾಗಿ ಒಳಗೆ ಎಳೆಯುತ್ತದೆ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಚೆನ್ನಾಗಿ ಈಜುವವರೂ ಮುಳುಗುತ್ತಾರೆ. ಇಳಿಯಲೇಬೇಕು ಅನಿಸಿದರೆ ದಡದಿಂದ ನಿಧಾನವಾಗಿ, ಜೊತೆಗೆ ಒಬ್ಬರು ನೋಡುತ್ತಿರುವಾಗ ಇಳಿಯಿರಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಅಧಿಕೃತವಾಗಿ ತೆರೆದಿದೆ ಅಂತ ಬೋರ್ಡ್ ಇದ್ದರೆ ಮಾತ್ರ ಕಾಲಿಡಿ. ಅವಘಡವಾದರೆ ಐದೂ ದೇಶಗಳಲ್ಲಿ 112ಕ್ಕೆ ಕರೆ ಮಾಡಬಹುದು. ಸ್ವಿಟ್ಜರ್ಲೆಂಡ್‌ನಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414 ಇದೆ.

ಜೊತೆಗೆ ಯಾರಿದ್ದಾರೆ?

ಕೊನೆಗೆ ತೀರ್ಮಾನ ಮಾಡುವುದು ಜೊತೆಗಿರುವವರು. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದರೆ ಕೋನಿಗ್ಸ್‌ಜೇ. ಮೊಣಕಾಲು ನೋವಿದ್ದರೂ ದೋಣಿಯಲ್ಲಿ ಕೂತು ಒಳಗಿನ ತನಕ ಹೋಗಬಹುದು. ಸಾಲ್ಜ್‌ಬರ್ಗ್‌ನಲ್ಲಿ ಉಳಿದವರು ಬೆರ್ಖ್ಟೆಸ್‌ಗಾಡನ್ ಮೂಲಕ ಬಸ್ಸಿನಲ್ಲಿ ಬಂದು ಸಂಜೆಗೆ ವಾಪಸ್ ಹೋಗಬಹುದು. ಸಣ್ಣ ಮಕ್ಕಳಿದ್ದರೆ ಬೋಹಿನ್, ಅದರಲ್ಲಿ ಎರಡು ಮಾತಿಲ್ಲ. ನಡೆಯಲು ಇಷ್ಟಪಡುವ ಇಬ್ಬರು ಮೂವರು ಗೆಳೆಯರು, ಇರುವುದು ಒಂದೇ ದಿನ ಅಂದರೆ ಓಶಿನೆನ್. ಗುಂಪಿನಲ್ಲಿ ಒಬ್ಬರಿಗೆ ನಡೆಯಲು ಆಗದಿದ್ದರೂ ತೊಂದರೆ ಇಲ್ಲ. ಅವರು ನೀರಿನ ಹತ್ತಿರ ಕೂತಿರಲಿ, ಉಳಿದವರು ಮೇಲಿನ ಸುತ್ತು ಮುಗಿಸಿ ಅಲ್ಲೇ ಬಂದು ಸೇರಬಹುದು.

ಒಬ್ಬರೇ ಹೋಗುವವರಿಗೆ, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದ್ದರೆ, ಬ್ರಾಯೆಸ್ ಹೇಳುತ್ತೇನೆ. ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ. ಆಗ ರಸ್ತೆಯ ನಿರ್ಬಂಧ ಮುಗಿದಿರುತ್ತದೆ, ಜನ ಸ್ವಲ್ಪ ಕಡಿಮೆಯಾಗಿರುತ್ತಾರೆ. ಅಕ್ಟೋಬರ್ ಮಧ್ಯಕ್ಕೆ ತಳ್ಳಿದರೆ ಲಾರ್ಚ್ ಮರಗಳು ಹಳದಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತವೆ. ಆ ಹೊತ್ತಿಗೆ ಬೇಸಿಗೆಯ ಬಸ್‌ಗಳು ಕಡಿಮೆಯಾಗಿರಬಹುದು, ಬೆಟ್ಟದ ತಂಗುಮನೆಗಳು ಬಾಗಿಲು ಹಾಕಿರುತ್ತವೆ. ವೇಳಾಪಟ್ಟಿ ನೋಡಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿ.